ಮೋಂತಿ ಹಬ್ಬಕ್ಕೆ ಸಾಗರಕ್ಕೆ ಹೋದದ್ದು

ಶುಕ್ರವಾರ, ಶಿವಮೊಗ್ಗ

2024ರ ಸೆಪ್ಟೆಂಬರ್ 6, ಗೌರಿ ಹಬ್ಬದ ದಿನ. ಮರುದಿನ ಗಣೇಶ ಚೌತಿ. ಊರಿಗೆ ಹೊರಟವರಿಂದ ಧಾರವಾಡದ ಬಸ್ಸುಗಳೆಲ್ಲ ತುಂಬಿದ್ದವು. ಹಬ್ಬದ ಹಿಂದುಮುಂದು ಈ ಕಡೆ ಬರುವವರು ಸೀಟನ್ನು ಮೊದಲೇ ಕಾದಿರಿಸಿಕೊಳ್ಳಬೇಕು. ನಾನು ಹಾಗೆ ಮಾಡದೆ ರಾಣೆಬೆನ್ನೂರಿನವರೆಗೆ ನಿಂತೇ ಬಂದೆ. ಹೊನ್ನಾಳಿ ದಾಟುತ್ತಿದ್ದಂತೆ ಮಳೆ ಹಿಡಿಯಿತು. ಅಲ್ಲಿಂದ ಮುಂದೆ ನಾಲ್ಕು ದಿನ ಅದು ನನ್ನ ಜೊತೆಗೇ ಇತ್ತು.

ಬಿ.ಎಡ್. ಓದುವಾಗಿನ ಗೆಳತಿಯೊಬ್ಬಳು ಸಾಗರದ ಹತ್ತಿರದ ಹಳ್ಳಿಯ ಕೊಂಕಣಿ ಕ್ಯಾಥೊಲಿಕ್ ಮನೆಗೆ ಸೊಸೆಯಾಗಿ ಹೋದವಳು. "ಒಂದು ಸಲ ಮೋಂತಿ ಹಬ್ಬಕ್ಕೆ ಬಾರೇ" ಎಂದು ಇಪ್ಪತ್ತೈದು ವರ್ಷಗಳಿಂದ ಕರೆಯುತ್ತಲೇ ಇದ್ದಳು. ಮಾತೆ ಮರಿಯಮ್ಮನ ಜನನದ ಹಬ್ಬ ಅದು, ಹೊಸ ತೆನೆಯ ಹಬ್ಬವೂ ಹೌದು. ನಾನು ಹೋಗಿರಲಿಲ್ಲ. ರಜೆ ಸಿಗಲಿಲ್ಲ ಎನ್ನುವುದು ನಾನು ಕೊಡುತ್ತಿದ್ದ ಕಾರಣ. ನಿಜವಾದ ಕಾರಣ ಬೇರೆ. ನಮ್ಮದು ಪ್ರೊಟೆಸ್ಟಂಟರ ಬಾಸೆಲ್ ಮಿಶನ್ ಮನೆತನ. 1834ರಲ್ಲಿ ಮಂಗಳೂರಿಗೆ ಬಂದಿಳಿದ ಆ ಮಿಶನರಿಗಳ ಕೆಲಸದಿಂದ ಹುಟ್ಟಿದ ಸಭೆಗಳಲ್ಲಿ ಮೂರ್ತಿ ಇಲ್ಲ, ಜಪಸರ ಇಲ್ಲ. ಸತ್ಯವೇದ, ಉಪದೇಶ, ಕನ್ನಡದ ಹಾಡು, ಇಷ್ಟೇ. ಇಪ್ಪತ್ತೆರಡು ವರ್ಷಗಳಿಂದ ನಾನು ಸಂಡೇ ಸ್ಕೂಲಿನಲ್ಲಿ ಕಲಿಸುತ್ತಿದ್ದೇನೆ. ಜಪಸರವೆಂದರೆ ಬರೀ ಬಾಯಿಪಾಠ, ಅದರಲ್ಲಿ ಮನಸ್ಸು ಇರುವುದಿಲ್ಲ ಎಂದು ಎಷ್ಟು ಮಕ್ಕಳಿಗೆ ಹೇಳಿದ್ದೇನೋ ಲೆಕ್ಕವಿಲ್ಲ. ನೋಡಿ ತಿಳಿದು ಹೇಳಿದ ಮಾತಲ್ಲ ಅದು.

ಸಂಜೆ ಬಿ.ಎಚ್. ರಸ್ತೆಯ ಪವಿತ್ರ ಹೃದಯ ದೇವಾಲಯಕ್ಕೆ ಹೋದೆ. 1988ರಲ್ಲಿ ಶಿವಮೊಗ್ಗ ಪ್ರತ್ಯೇಕ ಧರ್ಮಪ್ರಾಂತ್ಯ, ಎಂದರೆ ಒಬ್ಬ ಬಿಷಪರ ಆಡಳಿತದ ಸೀಮೆ, ಆದ ಮೇಲೆ ಇದೇ ಅದರ ಪ್ರಧಾನಾಲಯ. ಒಳಗೆ ಕಾಲಿಟ್ಟರೆ ಕತ್ತು ತಾನಾಗಿಯೇ ಮೇಲೆ ಎದ್ದುಬಿಡುತ್ತದೆ, ಅಷ್ಟು ಎತ್ತರ. ಹಾಗೆ ಮೇಲೆ ನೋಡುತ್ತ ನಿಂತವಳಿಗೆ ನನ್ನ ಕೊಡೆಯಿಂದ ನೀರು ಸೋರಿ ನೆಲದಲ್ಲಿ ಮಡುಗಟ್ಟುತ್ತಿದ್ದದ್ದು ತಿಳಿಯಲಿಲ್ಲ. ಕೊನೆಯ ಬೆಂಚಿನಲ್ಲಿ ಮೊಣಕಾಲೂರಿದ್ದ ಮುದುಕರೊಬ್ಬರು ಎದ್ದು ಬಂದರು. ಪಕ್ಕದಲ್ಲಿ ಅವರ ತರಕಾರಿ ಚೀಲ ಇತ್ತು. ಹೆಗಲ ಮೇಲಿನ ಟವೆಲ್ಲಿನಿಂದ ಆ ನೀರನ್ನು ಒರೆಸಿ, ಟವೆಲ್ಲನ್ನು ಬಾಗಿಲಾಚೆ ಹಿಂಡಿ, ಮತ್ತೆ ಅದೇ ಜಾಗದಲ್ಲಿ ಮೊಣಕಾಲೂರಿದರು. ನನ್ನ ಮುಖವನ್ನೂ ನೋಡಲಿಲ್ಲ. "ಸಾರಿ ರೀ" ಎನ್ನುವಷ್ಟರಲ್ಲಿ ಅವರ ಕಣ್ಣು ಮುಚ್ಚಿಯಾಗಿತ್ತು.

ಶನಿವಾರ, ಸಾಗರ

ಆಯನೂರು, ಕುಂಸಿ, ಆನಂದಪುರ. ಆನಂದಪುರ ದಾಟಿದ ಮೇಲೆ ಹಸಿರು ಬೇರೆಯೇ ಆಗುತ್ತದೆ. ಬಯಲುಸೀಮೆಯ ಕಣ್ಣಿಗೆ ಅದು ಮೊದಲು ಕತ್ತಲೆಯಂತೆ ಕಾಣುತ್ತದೆ. ಒಂದೊಂದೂರಿನಲ್ಲೂ ಚಪ್ಪರ ಹಾಕಿ ಗಣಪತಿ ಕೂರಿಸಿದ್ದರು, ಟಾರ್ಪಾಲಿನ ಮೇಲೆ ಮಳೆಯ ಸದ್ದು ಪಟಪಟ. ತೋಟಗಳಲ್ಲಿ ಅಡಿಕೆ ಗೊನೆಗಳಿಗೆ ಪ್ಲಾಸ್ಟಿಕ್ ಕೊಟ್ಟೆ ಕಟ್ಟಿದ್ದರು. ಬೋರ್ಡೋ ಹೊಡೆದರೂ ಮಳೆ ಬಿಡದೆ ಹಿಡಿದರೆ ಕೊಳೆ ರೋಗ ನಿಲ್ಲುವುದಿಲ್ಲ ಎಂದು ಪಕ್ಕದ ಸೀಟಿನವರು ಹೇಳಿದರು. ಮೈಲುತುತ್ತ ಮತ್ತು ಸುಣ್ಣ ಬೆರೆಸಿ ಆ ಔಷಧಿ ಮಾಡುವ ಬಗೆಯನ್ನೂ ವಿವರಿಸಿದರು. ಈಗ ಅದರ ಮೇಲೆ ಎಲೆಚುಕ್ಕಿ ರೋಗ ಬೇರೆ. "ಮರ ಹತ್ತೋರು ಸಿಗಲ್ಲ, ಸಿಕ್ಕಿದ ದಿನ ಮಳೆ ಬಿಡಲ್ಲ" ಎಂದು ಅವರು ಕಿಟಕಿಯಾಚೆ ನೋಡುತ್ತ ಕೂತರು.

ಗೆಳತಿಯ ಗಂಡ ಬಸ್‌ಸ್ಟ್ಯಾಂಡಿಗೆ ಜೀಪು ತಂದಿದ್ದರು. ಮನೆ ತಲುಪುವಾಗ ಮಧ್ಯಾಹ್ನವಾಗಿತ್ತು. ಅಕ್ಕಿ ರೊಟ್ಟಿ, ಕಳಲೆ ಪಲ್ಯ, ಬಿಸಿ ಸಾರು. ಜೊತೆಗೆ ಪಕ್ಕದ ತೋಟದವರ ಮನೆಯಿಂದ ಬಂದ ಚೌತಿಯ ಪಂಚಕಜ್ಜಾಯ. ನಾಳೆ ಇಲ್ಲಿಂದ ಅವರ ಮನೆಗೆ ಪಾಯಸ ಹೋಗುತ್ತದೆ ಎಂದಳು ಗೆಳತಿ.

ಮನೆಯ ಹಿರಿಯರು ಅವಳ ಅತ್ತೆ. ಎಂಬತ್ತೆರಡು ವರ್ಷ. ಎಲ್ಲರಿಗೂ ಅವರು 'ಮಾಂಯ್'. ಅವರ ಗಂಡ ಲಿಂಗನಮಕ್ಕಿ ಅಣೆಕಟ್ಟು ಕಟ್ಟುವಾಗ ಗಾರೆ ಕೆಲಸಕ್ಕೆಂದು ಘಟ್ಟ ಹತ್ತಿ ಬಂದು, 1964ರಲ್ಲಿ ಅಣೆಕಟ್ಟು ಮುಗಿದ ಮೇಲೂ ಇಲ್ಲೇ ಉಳಿದವರಂತೆ. ಮಾಂಯ್‌ಗೆ ಓದಲು ಬರುವುದಿಲ್ಲ. ಕನ್ನಡ ಮಾತಾಡುತ್ತಾರೆ, ನಡುನಡುವೆ ಕೊಂಕಣಿ ಬೆರೆಯುತ್ತದೆ.

ಸಂಜೆ ಏಳಕ್ಕೆ ಕರೆಂಟು ಹೋಯಿತು. ಮನೆಯ ದೇವರ ಪೀಠವಾದ ಆಲ್ತಾರಿನ ಮೇಲೆ ಯೇಸುವಿನ ಪವಿತ್ರ ಹೃದಯದ ಪಟದ ಮುಂದೆ ಮೇಣದ ಬತ್ತಿ ಹಚ್ಚಿದರು. 'ತೇರ್ಸ್' ಶುರುವಾಯಿತು, ಜಪಸರಕ್ಕೆ ಕೊಂಕಣಿಯಲ್ಲಿ ಹಾಗೆನ್ನುತ್ತಾರೆ. ಅತಿಥಿಯೆಂದು ನನಗೊಂದು ಕುರ್ಚಿ ಹಾಕಿದ್ದರು. ನಾನು ಕೂತೆ. ಮಾಂಯ್ ಮಂಚದ ಕಾಲನ್ನು ಒಂದು ಕೈಯಲ್ಲಿ ಹಿಡಿದುಕೊಂಡು ಮೆಲ್ಲಗೆ, ಒಂದೊಂದೇ ಮೊಣಕಾಲನ್ನು ಸಿಮೆಂಟಿನ ನೆಲಕ್ಕೆ ಊರಿದರು. ಮಳೆಗಾಲದ ನೆಲ, ಬರಿಗಾಲಿಗೆ ಕಚ್ಚುವಷ್ಟು ತಣ್ಣಗಿತ್ತು. ಹತ್ತು ಹತ್ತರ ಐದು ಸುತ್ತು, ಐವತ್ತು 'ನಮಾನ್ ಮರಿಯೆ', ಮರಿಯಮ್ಮನಿಗೆ ನಮಸ್ಕಾರ ಎಂಬ ಪ್ರಾರ್ಥನೆ. ಹೇಳಿದ್ದನ್ನೇ ಹೇಳಬೇಡಿರಿ ಎಂಬ ಮತ್ತಾಯನ ಸುವಾರ್ತೆಯ ಆರನೇ ಅಧ್ಯಾಯದ ಮಾತು ನನ್ನ ತಲೆಯಲ್ಲಿ ಸುತ್ತುತ್ತಿತ್ತು. ಎಷ್ಟನೆಯದು ಎಂದು ಎಣಿಸುತ್ತ ಕೂತಿದ್ದೆ. ಪ್ರಾರ್ಥಿಸುವವರ ನಡುವೆ ಕೂತು ಎಣಿಸುತ್ತಿದ್ದವಳು ನಾನೊಬ್ಬಳೇ.

ಮಣಿಗಳು ಮುಗಿದ ಮೇಲೆ ಮಾಂಯ್ ಕನ್ನಡಕ್ಕೆ ಹೊರಳಿದರು. ನನಗೂ ಅರ್ಥವಾಗಲಿ ಎಂದೇ ಇರಬೇಕು. ಒಬ್ಬೊಬ್ಬರ ಹೆಸರನ್ನೂ ಹೇಳಿ ಬೇಡಿಕೊಂಡರು. ಪಕ್ಕದ ತೋಟದವರ ಹಬ್ಬ ಚೆನ್ನಾಗಿ ಆಗಲಿ. ಮಳೆಯಲ್ಲಿ ಕಂಬ ಹತ್ತಿರುವ ಲೈನ್‌ಮ್ಯಾನ್ ಹುಡುಗ ಹುಷಾರಾಗಿ ಇಳಿಯಲಿ. ಆಮೇಲೆ ಒಂದು ಗಂಡಸಿನ ಹೆಸರು: "ಅವನ ತೋಟಕ್ಕೆ ಕೊಳೆ ಬರದ ಹಾಗೆ ನೋಡ್ಕೊ ದೇವಾ, ಸಾಲ ಮಾಡ್ಕೊಂಡಿದಾನೆ." ಗೆಳತಿ ನನ್ನ ಕಿವಿಯ ಹತ್ತಿರ ಬಾಗಿ ಪಿಸುಗುಟ್ಟಿದಳು. ಆ ಮನುಷ್ಯ ರಾತ್ರೋರಾತ್ರಿ ಗಡಿಯ ಅಗಳು (ಕಂದಕ) ಸರಿಸಿ ಇವರ ಜಾಗ ಒಳಗೆ ಹಾಕಿಕೊಂಡವನು. ಹನ್ನೊಂದು ವರ್ಷದಿಂದ ಕೋರ್ಟಿನಲ್ಲಿ ಕೇಸು ನಡೆಯುತ್ತಿದೆ. ಹನ್ನೊಂದು ವರ್ಷದಿಂದ ಪ್ರತಿ ಸಂಜೆಯೂ ಅವನ ಹೆಸರು ಈ ಮನೆಯಲ್ಲಿ ಹೀಗೆ ಬರುತ್ತದೆ.

ನನಗೂ ಒಂದು ಹೆಸರಿತ್ತು. ನಮ್ಮ ಸಂಡೇ ಸ್ಕೂಲಿನಲ್ಲೇ ಕಲಿಸುತ್ತಿದ್ದವರು. ಕ್ರಿಸ್‌ಮಸ್ ನಾಟಕದ ವಿಷಯಕ್ಕೆ ಮಾತು ಬೆಳೆದು ಮೂರು ವರ್ಷದಿಂದ ಮಾತು ಬಿಟ್ಟಿದ್ದೆವು. ಆ ಮೂರು ವರ್ಷದಲ್ಲಿ ನನ್ನ ಪ್ರಾರ್ಥನೆಯಲ್ಲಿ ಅವರ ಹೆಸರು ಒಂದು ಸಲವೂ ಬಂದಿರಲಿಲ್ಲ.

ಆಮೇಲೆ 'ಬೆಸಾಂವ್'. ತೇರ್ಸ್ ಆದ ಮೇಲೆ ಕಿರಿಯರು ಹಿರಿಯರ ಮುಂದೆ ಕೈಮುಗಿದು ಆಶೀರ್ವಾದ ಕೇಳುವುದು ಈ ಮನೆಗಳ ಪದ್ಧತಿ. ನನ್ನ ಗೆಳತಿ ಹೆಡ್‌ಮಿಸ್ ಆಗಿದ್ದವಳು, ಅವಳ ಗಂಡನಿಗೆ ಅರವತ್ತು ಸಮೀಪಿಸಿದೆ. ಇಬ್ಬರೂ ಚಿಕ್ಕ ಮಕ್ಕಳ ಹಾಗೆ ಬಗ್ಗಿ "ಬೆಸಾಂವ್ ದಿ ಮಾಂಯ್" ಎಂದರು. "ದೇವ್ ಬರೆಂ ಕರುಂ", ದೇವರು ಒಳ್ಳೆಯದು ಮಾಡಲಿ ಎಂದರು ಮಾಂಯ್. ನಾನು ಕುರ್ಚಿಯಿಂದ ಎದ್ದು ಬದಿಗೆ ಸರಿದು ನಿಂತಿದ್ದೆ. ಮಾಂಯ್ ನನ್ನ ಹತ್ತಿರ ಬಂದು, ನಾನು ತಡೆಯುವಷ್ಟರಲ್ಲಿ, ಎರಡೂ ಕೈ ಜೋಡಿಸಿದರು.

"ನೀವು ದೇವರ ವಾಕ್ಯ ಕಲಿಸೋರು ಅಂತ ಸೊಸೆ ಹೇಳಿದ್ಲು. ನಂಗೆ ಓದಕ್ಕೆ ಬರಲ್ಲ. ನಂಗೊಂದು ಬೆಸಾಂವ್ ಕೊಡಿ ಟೀಚರ್."

ಆ ಕೈಗಳು ಈಗಲೂ ಕಣ್ಣ ಮುಂದಿವೆ. ಅಡಿಕೆ ಸುಲಿದು ಸುಲಿದು ಕಪ್ಪು ಕೂತ ಹೆಬ್ಬೆರಳು, ಗೆಣ್ಣುಗಳ ನಡುವೆ ಸಿಕ್ಕಿಕೊಂಡ ಮರದ ಜಪಮಣಿ. "ಬ್ಯಾಡ್ರಿ ಅಜ್ಜಿ, ನಾ ಯಾಂವಾಕಿ ನಿಮಗ ಆಶೀರ್ವಾದ ಮಾಡಾಕ" ಅಂದೆ. ಅವರು ಕೈ ಇಳಿಸಲಿಲ್ಲ. "ಹಾಗಾದ್ರೆ ಏನಾದ್ರೂ ಓದಿ" ಎಂದರು. ಸುಸ್ತಾಗಿತ್ತು. ಚಿಕ್ಕದೊಂದನ್ನು ಓದಿ ಮುಗಿಸೋಣವೆಂದು 131ನೇ ಕೀರ್ತನೆ ತೆಗೆದೆ, ಮೂರೇ ವಚನ. ನನ್ನ ಹೃದಯದಲ್ಲಿ ಗರ್ವವಿಲ್ಲ ಎಂದು ದೇವರಿಗೆ ಹೇಳುವ ಕೀರ್ತನೆ ಅದು. ಮೊಲೆ ಬಿಟ್ಟ ಮಗು ತಾಯಿಯ ಹತ್ತಿರ ಸುಮ್ಮನಿರುವಂತೆ ನನ್ನ ಪ್ರಾಣ ಸುಮ್ಮನಿದೆ ಎನ್ನುತ್ತದೆ. ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದೇ. ಅದನ್ನು ಬಾಯಿಪಾಠ ಎಂದು ಯಾವತ್ತೂ ಕರೆದಿರಲಿಲ್ಲ, ನೋಡಿ. ಮೊದಲನೇ ವಚನ ಓದುವಾಗ ಗಂಟಲು ಕಟ್ಟಿತು. ಅದು ನನ್ನ ಮಾತಾಗಿ ಹೊರಡುತ್ತಿರಲಿಲ್ಲ. ಎದುರಿಗೆ ಕಣ್ಣು ಮುಚ್ಚಿ ನಿಂತವರ ಮಾತನ್ನು ಅವರಿಗೇ ಓದಿ ಹೇಳಿದ ಹಾಗಿತ್ತು.

ಭಾನುವಾರ, ಹಬ್ಬ ಮತ್ತು ಇಕ್ಕೇರಿ

ಸೆಪ್ಟೆಂಬರ್ 8 ಮಾತೆ ಮರಿಯಮ್ಮನ ಜನನದ ದಿನ, ಕೊಂಕಣಿಗರಿಗೆ ಮೋಂತಿ ಫೆಸ್ತ್. ಆಗಸ್ಟ್ 30ರಿಂದ ಒಂಬತ್ತು ದಿನ ಮಕ್ಕಳು ಇಗರ್ಜಿಗೆ, ಎಂದರೆ ಚರ್ಚಿಗೆ, ಹೂ ಒಯ್ಯುತ್ತಾರೆ. ಕೊನೆಗೆ ಈ ಹಬ್ಬದ ದಿನ ಹೊಸ ತೆನೆಯ ಆಶೀರ್ವಾದ. ಮಳೆ ಸುರಿಯುತ್ತಿದ್ದರೂ ಮಕ್ಕಳು ತಟ್ಟೆಗಳಲ್ಲಿ ದಾಸವಾಳ, ಗೊರಟೆ, ಡೇರೆ ಹೂ ತುಂಬಿಕೊಂಡು ಸಾಲು ನಿಂತಿದ್ದರು. ಒಬ್ಬ ಪುಟ್ಟ ಹುಡುಗನ ತಟ್ಟೆಯಲ್ಲಿ ಬೇಲಿಯ ಮೇಲಿನ ಕಾಡು ಹೂವಷ್ಟೇ ಇತ್ತು. ಅದನ್ನೇ ಎರಡು ಕೈಯಲ್ಲಿ ಎತ್ತಿ ಹಿಡಿದಿದ್ದ.

ಇಲ್ಲಿಯ ಗದ್ದೆಗಳಲ್ಲಿ ಆಗ ಭತ್ತ ಇನ್ನೂ ತೆನೆ ಬಿಟ್ಟಿರಲಿಲ್ಲ. ಆಶೀರ್ವಾದಕ್ಕೆ ತೆನೆ ಬಂದದ್ದು ಘಟ್ಟದ ಕೆಳಗಿನ ನೆಂಟರ ಗದ್ದೆಯಿಂದ. ಪೂಜೆ ಮುಗಿದ ಮೇಲೆ ಮನೆಗೊಂದೊಂದು ತೆನೆ ಕೊಟ್ಟರು. ಮನೆಯಲ್ಲಿ ಮಾಂಯ್ ಅದರಿಂದ ಕೆಲವೇ ಕಾಳು ಬಿಡಿಸಿ, ಉಗುರಿನಿಂದ ಸಿಪ್ಪೆ ತೆಗೆದು, ಕಲ್ಲಿನಲ್ಲಿ ಅರೆದು ಹಾಲಿಗೆ ಹಾಕಿದರು. ಲೋಟದ ತಳದಲ್ಲಿ ಕಂಡೂ ಕಾಣದಷ್ಟು ಹಿಟ್ಟು. ಅದನ್ನು ಚಮಚದಲ್ಲಿ ಎಲ್ಲರಿಗೂ ಹಂಚಬೇಕು. ಮೊದಲ ಚಮಚ ತೋಟದ ಕೆಲಸದ ಹೆಂಗಸಿಗೆ ಹೋಯಿತು. ಆಕೆ ಕ್ರೈಸ್ತಳಲ್ಲ. "ಹೊಸ ಅಕ್ಕಿ ಅಲ್ದಾ, ಗದ್ದೆಲಿ ಬಗ್ಗೋರಿಗೆ ಮೊದಲು" ಎಂದರು ಮಾಂಯ್. ಕೊನೆಯ ಚಮಚ ಅವರದು.

ಆ ದಿನ ಊಟ ಪೂರ್ತಿ ಸಸ್ಯಾಹಾರ, ಬಾಳೆ ಎಲೆಯಲ್ಲಿ. ಕೆಸುವಿನ ದಂಟು, ಹೀರೆಕಾಯಿ, ಬೆಂಡೆ, ಹರಿವೆ, ಇಡ್ಲಿಯಂಥ ಬಿಳೀ ಸಾನ್ನಾಂ, ತೆಂಗಿನಹಾಲಿನ ಪಾಯಸ. ಪಲ್ಯಗಳ ಲೆಕ್ಕ ಬೆಸ ಸಂಖ್ಯೆಯಲ್ಲೇ ಇರಬೇಕಂತೆ. ಊಟ ಮಾಡಿದ ಮೇಲೆ ಕಣ್ಣು ಎಳೆಯಿತು. ಆದರೂ ಗೆಳತಿಯ ಗಂಡ ಬಿಡಲಿಲ್ಲ. "ಇಲ್ಲಿವರೆಗೆ ಬಂದು ಇಕ್ಕೇರಿ ನೋಡದೆ ಹೋಗೋದು ಎಂತದು?" ಎಂದು ಕರೆದುಕೊಂಡು ಹೋದರು. ಸಾಗರದಿಂದ ಇಕ್ಕೇರಿ ಹತ್ತಿರ. ಬಸ್ಸಿಗೆ ಕಾಯುವುದಕ್ಕಿಂತ ಆಟೊ ಮಾತಾಡಿಕೊಂಡು ಹೋಗುವುದು ವಾಸಿ. ಮಳೆಗಾಲದಲ್ಲಿ ಹೋದರೆ ಅಂಗಳದ ಕಲ್ಲುಗಳು ಪಾಚಿಗಟ್ಟಿರುತ್ತವೆ, ಚಪ್ಪಲಿ ಬಿಟ್ಟ ಮೇಲೆ ಗೋಡೆ ಹಿಡಿದೇ ನಡೆಯಿರಿ. ನಾನು ಜಾರಿ ಬಿದ್ದು ಮೊಣಕೈ ತರಚಿಕೊಂಡೆ.

ಅಘೋರೇಶ್ವರ ದೇವಸ್ಥಾನ ಕೆಳದಿ ಅರಸರು ಕಟ್ಟಿಸಿದ್ದು. ಕೆತ್ತನೆ, ಕಂಬ, ಎದುರಿನ ದೊಡ್ಡ ನಂದಿ, ಇವುಗಳ ಬಗ್ಗೆ ಬೇಕಾದಷ್ಟು ಜನ ಬರೆದಿದ್ದಾರೆ. ನನ್ನನ್ನು ನಿಲ್ಲಿಸಿದ್ದು ನೆಲ. ಗರ್ಭಗುಡಿಯ ಮುಂದಿನ ಹಾಸುಗಲ್ಲಿನಲ್ಲಿ ಮೂವರು ನಾಯಕರು ದೇವರಿಗೆ ನಮಸ್ಕರಿಸುತ್ತಿರುವ ಚಿತ್ರ ಕೊರೆದಿದ್ದಾರೆ, ಹೆಸರಿನ ಸಮೇತ. ಒಬ್ಬನ ಕೈಕಾಲಿಗೆ ಬೇಡಿ. ಅರಸರ ಚಿತ್ರ ಗೋಡೆಯ ಮೇಲೋ ಕಂಬದ ಮೇಲೋ ಇರುತ್ತದೆ. ಇಲ್ಲಿ ದರ್ಶನಕ್ಕೆ ಬಂದವರ ಕಾಲಕೆಳಗಿದೆ. ನಾವು ನಿಂತಿದ್ದಾಗಲೇ ಒಂದು ಕುಟುಂಬ ಬಂತು. ಅವರ ಮಗು ಆ ಕಲ್ಲಿನ ಮೇಲೆ ಒದ್ದೆ ಪಾದ ಊರಿಕೊಂಡು ನಡೆದು ಹೋಯಿತು. ನಮ್ಮದಲ್ಲದ ದೇವಸ್ಥಾನ, ಆ ನಾಯಕರು ನಮ್ಮ ಮತದವರಲ್ಲ. ಆದರೂ ಆ ನೆಲವನ್ನು ದಾಟಿ ಹೋಗಲು ನನಗೆ ಬಹಳ ಹೊತ್ತು ಕಾಲು ಬರಲಿಲ್ಲ.

ಹೊರಗೆ ಜಗಲಿಯಲ್ಲಿ ಮಳೆ ನಿಲ್ಲಲೆಂದು ಕೂತಾಗ ಗೆಳತಿಯ ಗಂಡ ಸಂತ ಜೋಸೆಫ್ ವಾಜರ ಕಥೆ ತೆಗೆದರು. 1651ರಲ್ಲಿ ಗೋವೆಯ ಬಾಣಾವಲಿಯಲ್ಲಿ ಹುಟ್ಟಿದವರು. 1681ರಲ್ಲಿ ಕರಾವಳಿಗೆ ಬಂದು ಗಂಗೊಳ್ಳಿ, ಬಸ್ರೂರು, ಕಲ್ಯಾಣಪುರದ ಕ್ರೈಸ್ತರ ನಡುವೆ ಕೆಲಸ ಮಾಡಿದರು. ಆಗ ಆ ಸೀಮೆಯನ್ನು ಆಳುತ್ತಿದ್ದವಳು ಇದೇ ಕೆಳದಿಯ ಚೆನ್ನಮ್ಮ. ಆಮೇಲೆ 1687ರಲ್ಲಿ, ಡಚ್ಚರು ಕ್ಯಾಥೊಲಿಕ್ ಗುರುಗಳನ್ನು ನಿಷೇಧಿಸಿದ್ದ ಸಿಂಹಳಕ್ಕೆ ಕೂಲಿಯವನ ವೇಷದಲ್ಲಿ ದಾಟಿದರು. 1711ರಲ್ಲಿ ಕ್ಯಾಂಡಿಯಲ್ಲಿ ತೀರಿಕೊಂಡರು. ಸಂತರೆಂದು ಘೋಷಣೆಯಾದದ್ದು 2015ರಲ್ಲಿ. ಗೋವೆಯಲ್ಲಿದ್ದಾಗಲೇ, 1677ರಲ್ಲಿ, ತಾನು ಮರಿಯಮ್ಮನ ದಾಸನೆಂದು ಪತ್ರ ಬರೆದು ಸಹಿ ಹಾಕಿದ್ದರಂತೆ.

ಮರಿಯಮ್ಮನಿಗೆ ದಾಸ ಎನ್ನುವುದನ್ನು ನನ್ನ ಸಭೆ ಒಪ್ಪುವುದಿಲ್ಲ. ನಾನೂ ಇವತ್ತಿಗೂ ಒಪ್ಪಿಲ್ಲ, ಅದನ್ನು ಮುಚ್ಚಿಡುವುದಿಲ್ಲ. ಆದರೆ ದಾಸ ಎಂಬ ಮಾತು ಹೊಸದೇ? ರೋಮಾಪುರದವರಿಗೆ ಬರೆದ ಪತ್ರವನ್ನು ಪೌಲನು ಯೇಸು ಕ್ರಿಸ್ತನ ದಾಸ ಎಂದೇ ಶುರು ಮಾಡುತ್ತಾನೆ. ದಾಸರ ಪದ ಕೇಳುತ್ತ ಬೆಳೆದ ಕನ್ನಡಿಗರಿಗೆ ಆ ಮಾತಿನ ತೂಕ ಯಾರೂ ಹೇಳಿಕೊಡಬೇಕಿಲ್ಲ. ಕೂಲಿಯವನ ವೇಷ ಹಾಕಿದ ಆ ಮನುಷ್ಯ ಬರೆದದ್ದನ್ನು ಬದುಕಿದ. ನಾನು ಎಷ್ಟೋ ವರ್ಷದಿಂದ ನೋಟ್ಸ್ ಬರೆದುಕೊಳ್ಳುತ್ತಿದ್ದೇನೆ.

ಸೋಮವಾರ, ರಿಪ್ಪನ್‌ಪೇಟೆಯ ಕಡೆ

ಮಾರನೆಯ ದಿನ ರಿಪ್ಪನ್‌ಪೇಟೆಯ ಕಡೆಯ ಒಂದು ತೋಟಕ್ಕೆ ಹೋದೆವು. ಕಾಳುಮೆಣಸಿನ ವ್ಯವಹಾರದಲ್ಲಿ ಗೆಳತಿಯ ಮನೆಯವರಿಗೆ ಪರಿಚಯವಾದ ಮಲಯಾಳಿ ಕುಟುಂಬ. ಅಜ್ಜನ ಕಾಲದಲ್ಲಿ ಕೋಟ್ಟಯಂ ಕಡೆಯಿಂದ ಬಂದು ಕಾಡಿನಂಚಿನಲ್ಲಿ ಜಮೀನು ಮಾಡಿದವರು. ರಬ್ಬರ್, ಶುಂಠಿ, ಮೆಣಸು. ಇವರು ಕೇರಳದ ಕ್ಯಾಥೊಲಿಕರ ಸಿರೋ ಮಲಬಾರ್ ಪದ್ಧತಿಯವರು. ಈ ಸೀಮೆಯ ಅವರ ಮಂದಿಗೆಂದೇ 2007ರಲ್ಲಿ ಭದ್ರಾವತಿ ಧರ್ಮಪ್ರಾಂತ್ಯ ಆಗಿದೆ. ಸೆಪ್ಟೆಂಬರ್ 1ರಿಂದ 8ರವರೆಗಿನ ಎಂಟು ದಿನದ ನೋಂಬು, ಎಂದರೆ ವ್ರತ, ಹಿಂದಿನ ದಿನವಷ್ಟೇ ಮುಗಿದಿತ್ತು. ಬೇಯಿಸಿದ ಮರಗೆಣಸು, ಖಾರದ ಮೀನು ಸಾರು ಕಾಯುತ್ತಿತ್ತು.

ತೋಟ ನೋಡಿ ಬರುವಾಗ ಕಾಲಿಗೆ ರಕ್ತ ಹೀರುವ ಉಂಬಳ ಹತ್ತಿದ್ದು ಗೊತ್ತಾಗಿರಲಿಲ್ಲ. ಜಗಲಿಗೆ ಬಂದಾಗ ಸೀರೆಯ ಅಂಚು ಕೆಂಪಗಿತ್ತು. ಮಳೆಗಾಲದಲ್ಲಿ ತೋಟಕ್ಕಿಳಿಯುವವರು ಪಾದಕ್ಕೆ ಸುಣ್ಣವನ್ನೋ ಹೊಗೆಸೊಪ್ಪಿನ ನೀರನ್ನೋ ಹಚ್ಚಿಕೊಂಡೇ ಇಳಿಯುತ್ತಾರಂತೆ. ಮನೆಯಾಕೆ ಬಿಸಿನೀರಿನ ಬೋಗುಣಿ ತಂದು ನೆಲದ ಮೇಲೆ ಕೂತು ನನ್ನ ಕಾಲನ್ನು ಎಳೆದು ತನ್ನ ಮಡಿಲ ಮೇಲಿಟ್ಟುಕೊಂಡರು. ನಾನು ಹಿಂದಕ್ಕೆಳೆದುಕೊಂಡೆ. "ಅಲುಗಬೇಡಿ ಚೇಚಿ" ಎಂದರು, ಅಕ್ಕ ಎಂದು ಅದರ ಅರ್ಥ. ಉಪ್ಪು ಹಚ್ಚಿ ಒಂದೊಂದೇ ಉಂಬಳ ಬಿಡಿಸಿದರು. ಬೆರಳ ಸಂದಿಯ ಕೆಸರನ್ನೂ ತೊಳೆದು, ರಕ್ತ ನಿಲ್ಲಲೆಂದು ಕಾಫಿಪುಡಿ ಒತ್ತಿ ಹಿಡಿದರು. ನನ್ನ ಪಾದಗಳನ್ನು ಎಂದಿಗೂ ತೊಳೆಯಬಾರದು ಎಂದು ಶಿಷ್ಯ ಪೇತ್ರ ಯೇಸುವಿಗೆ ಹೇಳುವ ಭಾಗವನ್ನು ಎಷ್ಟು ಗುಡ್ ಫ್ರೈಡೇ ಹಿಂದಿನ ಗುರುವಾರಗಳಲ್ಲಿ ಓದಿದ್ದೇನೆ. ಅವನು ಯಾಕೆ ಹಾಗೆ ಅಂದ ಎಂದು ಆ ಜಗಲಿಯಲ್ಲಿ ತಿಳಿಯಿತು. ಇನ್ನೊಬ್ಬರ ಕಾಲು ತೊಳೆಯುವುದಕ್ಕಿಂತ ತೊಳೆಸಿಕೊಳ್ಳುವುದು ಕಷ್ಟ.

ಆ ಮಧ್ಯಾಹ್ನ ಮನೆಯ ಯಜಮಾನರು ಮಗನನ್ನು ನಮ್ಮೆದುರಿಗೇ ಬೈದಿದ್ದರು. ಒಣಗಿಸಿದ ರಬ್ಬರ್ ಶೀಟುಗಳನ್ನು ಹುಡುಗ ಒಳಗೆ ತೆಗೆದಿಟ್ಟಿರಲಿಲ್ಲ. ಹದಿನಾರು ವರ್ಷದ ಹುಡುಗ, ಮುಖ ಕೆಂಪು ಮಾಡಿಕೊಂಡು ಎದ್ದು ಹೋಗಿದ್ದ. ಸಂಜೆ ಪ್ರಾರ್ಥನೆಗೆ ಚಾಪೆ ಹಾಸಿದಾಗ ಎಲ್ಲರೂ ಬಂದು ಕೂತರು. ಯಜಮಾನರು ಮಾತ್ರ ಶುರು ಮಾಡಲಿಲ್ಲ. ಹುಡುಗನನ್ನು ಹತ್ತಿರ ಕರೆದು ಮಲಯಾಳದಲ್ಲಿ ಏನೋ ಹೇಳಿದರು. ಗೆಳತಿಯ ಗಂಡನಿಗೆ ಆ ಭಾಷೆ ಬರುತ್ತದೆ. ಆಮೇಲೆ ಹೇಳಿದರು: "ಎಲ್ಲರ ಮುಂದೆ ಬೈದೆ, ಅದಕ್ಕೆ ಎಲ್ಲರ ಮುಂದೆಯೇ ಕ್ಷಮೆ ಕೇಳ್ತೀನಿ ಮಗನೇ ಅಂದ್ರು." ಅತಿಥಿಗಳ ಎದುರಿಗೆ, ಕೆಲಸದವರ ಎದುರಿಗೆ. ಹುಡುಗ ತಲೆ ತಗ್ಗಿಸಿ ಅಪ್ಪನ ಪಕ್ಕ ಕೂತ. ಆಮೇಲೆಯೇ ಶಿಲುಬೆಯ ಗುರುತು, ಆಮೇಲೆಯೇ ಪ್ರಾರ್ಥನೆ.

ಪ್ರಾರ್ಥನೆಯ ಭಾಷೆ ನನಗೆ ತಿಳಿಯಲಿಲ್ಲ. ಈ ಸಲ ಕುರ್ಚಿ ಬೇಡವೆಂದಿದ್ದೆ. ಮೊಣಕಾಲು ನೋಯುತ್ತಿತ್ತು, ಬೇರೇನನ್ನೂ ಎಣಿಸಲಿಲ್ಲ. ಮುಗಿದ ಮೇಲೆ ಒಬ್ಬರಿಗೊಬ್ಬರು 'ಸ್ತುತಿ' ಹೇಳುವ ಪದ್ಧತಿ ಅವರದು. ಈಶೋ ಮಿಶಿಹಾನಿಗೆ, ಎಂದರೆ ಯೇಸು ಕ್ರಿಸ್ತನಿಗೆ, ಸ್ತುತಿಯಾಗಲಿ ಎನ್ನುತ್ತಾರೆ. ಮನೆಯ ಕಿರಿ ಮಗಳು, ಏಳೆಂಟು ವರ್ಷದವಳು, ಅಜ್ಜಿ, ಅಪ್ಪ, ಅಮ್ಮನಿಗೆ ಹೇಳಿ ಬಂದು ನನ್ನ ಮುಂದೆ ಕೈಮುಗಿದು ನಿಂತಳು. ಉತ್ತರ ಹೇಗೆ ಹೇಳಬೇಕೆಂದು ಗೊತ್ತಿಲ್ಲದೆ ಅವಳ ಮಾತನ್ನೇ ತೊದಲಿದೆ. ಅವಳು ನಗಲಿಲ್ಲ. ನಿಧಾನವಾಗಿ ಇನ್ನೊಮ್ಮೆ ಹೇಳಿಕೊಟ್ಟಳು.

ಮಂಗಳವಾರ, ಮತ್ತು ಬುಧವಾರ

ಸಾಗರದ ಪೇಟೆಯಲ್ಲಿ ತೊಡೆದೇವು ಕೊಂಡೆ, ಕಾಗದದಂತೆ ತೆಳುವಾದ ಸಿಹಿ ತಿಂಡಿ. ಅಂಗಡಿಯವರು ಕಾಗದ ಸುತ್ತಿ ಗಟ್ಟಿ ಡಬ್ಬಿಯಲ್ಲಿ ಹಾಕಿಕೊಟ್ಟರು. ಪ್ರಯಾಣದಲ್ಲಿ ಅದನ್ನು ಚೀಲದ ಮೇಲ್ಗಡೆಯೇ ಇಟ್ಟುಕೊಳ್ಳಬೇಕು, ಇಲ್ಲದಿದ್ದರೆ ಊರು ಮುಟ್ಟುವಾಗ ಪುಡಿ. ಹೊರಡುವಾಗ ಮಾಂಯ್ ಬಾಗಿಲವರೆಗೆ ಬಂದರು. ಈ ಸಲ ನಾನೇ ಮೊದಲು ಕೈ ಜೋಡಿಸಿ "ಬೆಸಾಂವ್ ದಿ ಮಾಂಯ್" ಅಂದೆ. ಅವರು ನನ್ನ ತಲೆಯ ಮೇಲೆ ಕೈಯಿಟ್ಟು ಬಹಳ ಹೊತ್ತು ಹಾಗೇ ನಿಂತರು. ಜೀಪಿನ ಇಂಜಿನ್ ಓಡುತ್ತಲೇ ಇತ್ತು.

ಶಿವಮೊಗ್ಗ, ಹೊನ್ನಾಳಿ, ರಾಣೆಬೆನ್ನೂರು. ಬಿಸಿಲು ಬಿತ್ತು. ಕಾಣಿಕೆಯನ್ನು ವೇದಿಯ ಹತ್ತಿರವೇ ಬಿಟ್ಟು ಹೋಗಿ ಮೊದಲು ಸಮಾಧಾನ ಮಾಡಿಕೋ ಎಂಬ ಮತ್ತಾಯನ ಐದನೇ ಅಧ್ಯಾಯದ ವಚನ ದಾರಿಯುದ್ದಕ್ಕೂ ಬಿಡಲಿಲ್ಲ. ಆ ರಬ್ಬರ್ ತೋಟದವರಿಗೆ ಆ ವಚನದ ಸಂಖ್ಯೆ ಗೊತ್ತಿತ್ತೋ ಇಲ್ಲವೋ.

ಬುಧವಾರ ಸಂಜೆ ತೊಡೆದೇವಿನ ಡಬ್ಬಿ ಹಿಡಿದು ಆ ಮನೆಗೆ ಹೋದೆ. ಮೂರು ವರ್ಷದಿಂದ ಆ ಬೀದಿಯನ್ನೇ ಬಳಸಿಕೊಂಡು ಹೋಗುತ್ತಿದ್ದೆ. ಬಾಗಿಲು ಬಡಿದೆ. ಅವರೇ ತೆಗೆದರು. ಕೈಗೆ ಗೋಧಿ ಹಿಟ್ಟು ಮೆತ್ತಿತ್ತು. ದಾರಿಯಲ್ಲಿ ಜೋಡಿಸಿಕೊಂಡಿದ್ದ ಮಾತು ಒಂದೂ ಬಾಯಿಗೆ ಬರಲಿಲ್ಲ.

"ಅಕ್ಕಾ, ತಪ್ಪು ನಂದ ಐತ್ರಿ" ಅಂದೆ.

ಅವರು ನನ್ನ ಮುಖ ನೋಡಿದರು, ಡಬ್ಬಿ ನೋಡಿದರು. ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಬಾಗಿಲು ಪೂರ್ತಿ ತೆಗೆದರು.

"ನಿಂತ ಮಾತಾಡ್ತೀರೇನ್ರಿ, ಒಳಗ ಬರ್ರಿ. ಚಪಾತಿ ಒಲೀ ಮ್ಯಾಲ ಐತಿ."